ತರಂಗ ನಮ್ಮದು, ಹಾಡು ಯಾರದು?

ಕನ್ನಡದ ಯುವಕರೇ, ಯುವತಿಯರೇ,

ನೇರವಾಗಿ ಒಂದು ಪ್ರಶ್ನೆ. ಇವತ್ತು ಕನ್ನಡ ಹಾಡು ಹಾಕುತ್ತಿರುವ ಬೆಂಗಳೂರಿನ ಎಫ್‌ಎಂ ನಿಲಯವೊಂದು ನಾಳೆ ಬೆಳಿಗ್ಗೆಯಿಂದ ಹಿಂದಿ ಹಾಡಿಗೆ ಹೊರಳಿಕೊಂಡರೆ ನೀವೇನು ಮಾಡುತ್ತೀರಿ? ಬೇರೆ ನಿಲಯಕ್ಕೆ ತಿರುಗಿಸುತ್ತೀರಿ. ಅದೂ ಹೊರಳಿಕೊಂಡರೆ? ಮೊಬೈಲಿನಲ್ಲಿ ನಿಮ್ಮಿಷ್ಟದ ಹಾಡು ಹಾಕಿಕೊಳ್ಳುತ್ತೀರಿ. ಅಷ್ಟೇ ತಾನೆ? ಹೌದು, ಅಷ್ಟೇ. ಒಂದು ನಗರದ ಗಾಳಿಯಿಂದ ಒಂದು ಭಾಷೆಯನ್ನು ಹೊರಹಾಕಲು ಲಾಠಿ ಬೇಡ, ಗೋಲಿಬಾರ್ ಬೇಡ. ನಿಮ್ಮ ಈ 'ಅಷ್ಟೇ ತಾನೆ' ಒಂದೇ ಸಾಕು!

ಸುಮ್ಮನೆ ಹೆದರಿಸುವುದಕ್ಕೆ ಹೇಳುತ್ತಿಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ರೇಡಿಯೋ ಸಿಟಿ 2001ರ ಜುಲೈ 3ರಂದು ಬಾಯಿ ಬಿಟ್ಟದ್ದು ದೆಹಲಿಯಲ್ಲಲ್ಲ, ಮುಂಬೈಯಲ್ಲಲ್ಲ, ನಮ್ಮ ಬೆಂಗಳೂರಿನಲ್ಲಿ. ಆಗ ಅದು ಬಡಿಸಿದ್ದು ಇಂಗ್ಲಿಷ್, ಹಿಂದಿ, ಕನ್ನಡದ ಕಲಸುಮೇಲೋಗರ. 2006ರಲ್ಲಿ ರೇಡಿಯೋ ಮಿರ್ಚಿ, ಬಿಗ್ ಎಫ್‌ಎಂ ಬಂದವು, ಕನ್ನಡವನ್ನೇ ನೆಚ್ಚಿಕೊಂಡವು. ಅಲ್ಲಿಂದೀಚೆಗೆ ಕಲಬೆರಕೆ ಬಿಟ್ಟು ಕನ್ನಡಕ್ಕೆ ಬಂದ ನಿಲಯವನ್ನೂ ನೋಡಿದ್ದೇವೆ, ಕನ್ನಡ ಬಿಟ್ಟು ಹಿಂದಿಗೆ ಜಾರಿದ ನಿಲಯವನ್ನೂ ನೋಡಿದ್ದೇವೆ. ಬೋರ್ಡು ಅದೇ, ತರಂಗ ಅದೇ, ಒಳಗಿನ ಹಾಡು ಮಾತ್ರ ಬೇರೆ. ಇಷ್ಟು ವರ್ಷ ಕೇಳಿದ ಕೇಳುಗನನ್ನು ಯಾರಾದರೂ 'ಏನಪ್ಪಾ, ಬದಲಾಯಿಸಲಾ?' ಎಂದು ಕೇಳಿದರೇ? ಇಲ್ಲ!

ಗಿರಾಕಿ ಯಾರು?

ನಾನು ಪಿಯುಸಿ ಓದಿ ಪ್ರೆಸ್ ಇಟ್ಟುಕೊಂಡವನು. ದೊಡ್ಡ ದೊಡ್ಡ ಸಿದ್ಧಾಂತ ನನಗೆ ಗೊತ್ತಿಲ್ಲ. ವ್ಯಾಪಾರ ಗೊತ್ತು. ನನ್ನ ಪ್ರೆಸ್ಸಿಗೆ ಲಗ್ನಪತ್ರಿಕೆ ಅಚ್ಚು ಹಾಕಿಸಲು ಬರುವವನು ನನ್ನ ಗಿರಾಕಿ. ಅವನು ಪ್ರೂಫ್ ನೋಡುತ್ತಾನೆ, ತಪ್ಪಿದ್ದರೆ ಬೈಯುತ್ತಾನೆ, ಒಪ್ಪಿದರೆ ದುಡ್ಡು ಕೊಡುತ್ತಾನೆ. ಅವನು ಕನ್ನಡ ಎಂದರೆ ಕನ್ನಡ, ತೆಲುಗು ಎಂದರೆ ತೆಲುಗು.

ಎಫ್‌ಎಂ ರೇಡಿಯೋದ ಗಿರಾಕಿ ಯಾರು? ನೀವು ಎಂದುಕೊಂಡಿದ್ದೀರಾ? ಅಲ್ಲ ಸ್ವಾಮಿ! ನೀವು ಒಂದು ಪೈಸೆ ಕೊಡುವುದಿಲ್ಲ. ದುಡ್ಡು ಕೊಡುವವನು ಜಾಹೀರಾತುದಾರ. ಅವನೇ ಗಿರಾಕಿ. ಹಾಗಾದರೆ ನೀವು ಯಾರು? ನೀವು ಅಂಗಡಿಯ ಸರಕು! ನಿಮ್ಮ ಕಿವಿಯನ್ನು ಹತ್ತು ಸೆಕೆಂಡಿಗೆ ಇಷ್ಟು ರೂಪಾಯಿ ಎಂದು ಮಾರಲಾಗುತ್ತದೆ. 'ಮಾರುಕಟ್ಟೆ ಕೇಳಿದ್ದನ್ನು ನಾವು ಕೊಡುತ್ತೇವೆ' ಎಂದು ರೇಡಿಯೋದವರು ಹೇಳಿದಾಗ ಆ ಮಾರುಕಟ್ಟೆಯಲ್ಲಿ ನೀವಿಲ್ಲ. ದೇಶಕ್ಕೆಲ್ಲ ಒಂದೇ ಜಾಹೀರಾತು ಮಾಡಿ, ಒಂದೇ ಹಿಂದಿ ಹಾಡಿನ ಪಕ್ಕ ಇಟ್ಟು ಕೈತೊಳೆದುಕೊಳ್ಳಲು ಬಯಸುವ ಏಜೆನ್ಸಿ ಅಲ್ಲಿ ಕೂತಿದೆ. ಅದಕ್ಕೆ ಬೆಂಗಳೂರೂ ಒಂದೇ, ಭೋಪಾಲವೂ ಒಂದೇ.

ಕೇಳುಗರ ಲೆಕ್ಕ ಹಿಡಿಯುವುದಿಲ್ಲವೇ ಎಂದು ನೀವು ಕೇಳಬಹುದು. ಹಿಡಿದಿದ್ದಾರೆ. 2007ರಲ್ಲಿ ಬೆಂಗಳೂರೂ ಸೇರಿ ಕೆಲವೇ ಮಹಾನಗರಗಳಲ್ಲಿ ಒಂದು ಪದ್ಧತಿ ಶುರುವಾಯಿತು. ಆಯ್ದ ಕೆಲವು ನೂರು ಜನರ ಕೈಗೆ ಡೈರಿ ಕೊಟ್ಟು 'ಯಾವ ಹೊತ್ತಿಗೆ ಯಾವ ನಿಲಯ ಕೇಳಿದಿರಿ, ಬರೆಯಿರಿ' ಎಂದರು. ಲಕ್ಷಾಂತರ ಜನರ ಕಿವಿಗೆ ಕೆಲವು ನೂರು ಜನರ ಡೈರಿಯೇ ಸಾಕ್ಷಿ! ಅದರಲ್ಲಿ ಗ್ಯಾರೇಜಿನ ಹುಡುಗ ಎಷ್ಟು ಜನ? ಗಾರ್ಮೆಂಟ್ಸ್ ಹೆಣ್ಣುಮಗಳು ಎಷ್ಟು ಜನ? ಕೈ ತುಂಬ ಗ್ರೀಸು ಮೆತ್ತಿಕೊಂಡವನು ಡೈರಿ ಬರೆಯುತ್ತಾನೆಯೇ?

'ಬೆಂಗಳೂರು ಎಲ್ಲರದ್ದು' ಎಂಬ ಹಳೇ ರಾಗ

ಈ ರಾಗ ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಸರಿ, ಲೆಕ್ಕಕ್ಕೇ ಬರೋಣ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು ನೂರಕ್ಕೆ ಸುಮಾರು 44. ಆಮೇಲೆ ಬರುವವರು ತಮಿಳರು, ತೆಲುಗರು, ಉರ್ದು ಮಾತಾಡುವವರು. ಹಿಂದಿ ಎಂದು ಬರೆಸಿದವರು ನೂರಕ್ಕೆ ಹತ್ತು ಕೂಡ ಇಲ್ಲ. ಹಾಗಿದ್ದರೆ 'ಬಹುಭಾಷಾ ನಗರ' ಎಂದು ಹೇಳಿ ಹಾಕಬೇಕಾದ ಹಾಡು ಯಾವುದು? ಕನ್ನಡವಾದ ಮೇಲೆ ತಮಿಳು, ತೆಲುಗು, ಉರ್ದು. ಅದು ಬಿಟ್ಟು ಹಿಂದಿ ಮಾತ್ರ ನುಗ್ಗುತ್ತದೆ ಎಂದರೆ ಇದು ಬಹುಭಾಷೆಯ ಮೇಲಿನ ಪ್ರೀತಿಯಲ್ಲ, ಏಜೆನ್ಸಿಯವರ ಅನುಕೂಲ. ಸೌಹಾರ್ದದ ಮಾತೆಲ್ಲ ಹೊದಿಕೆ.

ಇನ್ನೊಂದು ಮಾತು. ಹೊರಗಿನಿಂದ ಬಂದವರಿಗೆ ಕನ್ನಡ ಹಾಡು ಬೇಡ ಎಂದು ಇವರಿಗೆ ಹೇಳಿದವರು ಯಾರು? ನಮ್ಮ ಪ್ರೆಸ್ಸಿನಲ್ಲಿ ಕಟಿಂಗ್ ಮೆಷಿನ್ ನೋಡಿಕೊಳ್ಳುವ ಹುಡುಗ ಬಿಹಾರದವನು. ಇಡೀ ದಿನ ರೇಡಿಯೋ ಉರಿಯುತ್ತಿರುತ್ತದೆ. ಅವನಿಗೆ ನಾವು ಯಾರೂ ಪಾಠ ಹೇಳಲಿಲ್ಲ. ಹಾಡಿನ ಸಾಲು ಗುನುಗುತ್ತಾ, ಅರ್ಥ ಕೇಳುತ್ತಾ, ನಿರೂಪಕರ ತಮಾಷೆಗೆ ಒಂದು ಕ್ಷಣ ತಡವಾಗಿ ನಗುತ್ತಾ ಕನ್ನಡ ಕಲಿತ. ಈಗ ಗಿರಾಕಿಗಳ ಜೊತೆ 'ನಾಳೆ ಬನ್ನಿ ಸಾರ್, ರೆಡಿ ಇರುತ್ತೆ' ಎಂದು ಸುಳ್ಳನ್ನೂ ಕನ್ನಡದಲ್ಲೇ ಹೇಳುತ್ತಾನೆ! ಆ ಹುಡುಗನಿಗೆ ರೇಡಿಯೋ ಸಂಬಳ ಕೇಳದ ಮೇಷ್ಟ್ರು. ನಿಲಯ ಹಿಂದಿಗೆ ಹೊರಳಿದರೆ ಅವನಂಥವರ ಮೇಷ್ಟ್ರನ್ನು ಕಿತ್ತುಕೊಂಡಂತೆ. ಆಮೇಲೆ 'ವಲಸಿಗರು ಕನ್ನಡ ಕಲಿಯಲ್ಲ' ಎಂದು ನಾವೇ ಕೂಗಾಡುತ್ತೇವೆ.

ಮೊಬೈಲಿದೆ, ರೇಡಿಯೋ ಯಾಕೆ ಎನ್ನುವ ಜಾಣರಿಗೂ ಒಂದು ಮಾತು. ಮೊಬೈಲಿನಲ್ಲಿ ನೀವು ಕೇಳುವುದು ನಿಮಗೆ ಈಗಾಗಲೇ ಗೊತ್ತಿರುವ ಹಾಡು. ಅದು ನಿಮ್ಮ ಕಿವಿಯೊಳಗೇ ಇರುತ್ತದೆ. ಆಟೋದಲ್ಲಿ, ಕ್ಷೌರದಂಗಡಿಯಲ್ಲಿ, ದರ್ಶಿನಿಯಲ್ಲಿ, ಸಿಗ್ನಲ್ಲಿನಲ್ಲಿ ನಿಂತ ಕ್ಯಾಬಿನಲ್ಲಿ ಮೊಳಗುವ ಹಾಡು ಎಲ್ಲರ ಹಾಡು. ಕೇಳಬೇಕೆಂದು ಹೋಗದವನ ಕಿವಿಗೂ ಬೀಳುವ ಹಾಡು. ಒಂದು ಭಾಷೆ ಊರಿನ ಭಾಷೆ ಎನಿಸಿಕೊಳ್ಳುವುದು ಹೀಗೆ.

ಕನ್ನಡ ಹಾಡು ಓಡುವುದಿಲ್ಲವೇ?

ಓಡುವುದಿಲ್ಲ ಎಂದವರಿಗೆ 2006ರ ಡಿಸೆಂಬರಿನಲ್ಲಿ ಬಂದ 'ಮುಂಗಾರು ಮಳೆ'ಯೇ ಉತ್ತರ. ಮನೋಮೂರ್ತಿಯವರ ರಾಗ, ಜಯಂತ ಕಾಯ್ಕಿಣಿಯವರ ಸಾಲು, ಕನ್ನಡಕ್ಕೆ ಆಗತಾನೇ ತೆರೆದುಕೊಂಡಿದ್ದ ಎಫ್‌ಎಂ. ಮೂರೂ ಕೂಡಿದಾಗ ಮಾಲ್‌ಗಳಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದ ಹುಡುಗ ಹುಡುಗಿಯರೂ ಕನ್ನಡ ಹಾಡು ಗುನುಗಿದರು. ಕಿವಿಗೆ ಬಿದ್ದರೆ ತಾನೇ ನಾಲಿಗೆಗೆ ಬರುವುದು? ಬೀಳಿಸದೆಯೇ 'ಜನ ಕೇಳಲ್ಲ' ಎಂದರೆ ಅನ್ನ ಬಡಿಸದೆ 'ಇವನಿಗೆ ಹಸಿವಿಲ್ಲ' ಎಂದಂತೆ.

ಆದರೆ ನಮ್ಮವರಿಗೂ ಎರಡು ಮಾತು ಹೇಳಬೇಕು. ಕನ್ನಡ ನಿಲಯ ಎಂದು ಹೆಸರಿಟ್ಟುಕೊಂಡು ಈ ವಾರದ ನಾಲ್ಕು ಸಿನಿಮಾದ ಎಂಟು ಹಾಡನ್ನು ಬೆಳಗಿನಿಂದ ರಾತ್ರಿಯವರೆಗೆ ಅರೆಯುವುದು ಕನ್ನಡ ಸೇವೆಯೇ? ರಾಜನ್-ನಾಗೇಂದ್ರ ಎಲ್ಲಿ? ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಎಲ್ಲಿ? ಶರೀಫರ ಪದಗಳನ್ನು ಗಿಟಾರಿಗೆ ತಂದ ರಘು ದೀಕ್ಷಿತ್ ಎಲ್ಲಿ? ಬೀದಿಯಲ್ಲಿ ಕನ್ನಡ ರ‍್ಯಾಪ್ ಹಾಡುವ ಹುಡುಗರೆಲ್ಲಿ? ಜನಪದ, ದಾಸರ ಪದ, ವಚನ? ಇಷ್ಟು ದೊಡ್ಡ ಕಣಜ ಇಟ್ಟುಕೊಂಡು ಒಂದು ಪಾವು ಅಕ್ಕಿಯಲ್ಲಿ ದಿನ ದೂಡುವವರು, ನಾಳೆ 'ಕನ್ನಡದಲ್ಲಿ ಸರಕಿಲ್ಲ, ಜನಕ್ಕೆ ಬೇಜಾರಾಗಿದೆ' ಎಂದು ಹಿಂದಿಗೆ ಹಾರಿದರೆ ಆಶ್ಚರ್ಯವಿಲ್ಲ.

ಗಾಳಿ ಯಾರಪ್ಪನ ಆಸ್ತಿ?

'ನಮ್ಮ ನಿಲಯ, ನಮ್ಮ ಇಷ್ಟ' ಎಂದು ಅವರು ಹೇಳುವಂತಿಲ್ಲ. ಹೇಳಿದರೆ ಸುಪ್ರೀಂ ಕೋರ್ಟು ತೋರಿಸಿ! ಕ್ರಿಕೆಟ್ ಪಂದ್ಯದ ಪ್ರಸಾರದ ಜಗಳದಲ್ಲಿ, ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ, 1995ರ ಫೆಬ್ರವರಿ 9ರಂದು ಅದು ಹೇಳಿದ್ದು ಇದನ್ನೇ. ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು. ಸಾರ್ವಜನಿಕರ ಹಿತಕ್ಕಾಗಿ ಅವನ್ನು ಬಳಸಬೇಕು. ಕಂಪನಿಗಳು ಹರಾಜಿನಲ್ಲಿ ಕೋಟಿ ಕೋಟಿ ಸುರಿದಿರಬಹುದು, ವರ್ಷದ ಒಟ್ಟು ವರಮಾನದಲ್ಲಿ ಶೇಕಡಾ 4ರ ಲೆಕ್ಕದಲ್ಲಿ ಸರ್ಕಾರಕ್ಕೆ ಶುಲ್ಕ ಕಟ್ಟುತ್ತಿರಬಹುದು. ಅದು ಬಾಡಿಗೆ, ಕ್ರಯಪತ್ರ ಅಲ್ಲ. ಬಾಡಿಗೆಗೆ ಮನೆ ಕೊಟ್ಟವನು ಗೋಡೆ ಒಡೆಯಬೇಡ ಎಂದು ಷರತ್ತು ಹಾಕಬಾರದೇ?

ಬೇರೆ ದೇಶಗಳು ಹಾಕಿವೆ. ಫ್ರಾನ್ಸಿನಲ್ಲಿ 1994ರ ಕಾನೂನಿನಂತೆ 1996ರ ಜನವರಿ 1ರಿಂದ ರೇಡಿಯೋದಲ್ಲಿ ಹಾಕುವ ಹಾಡುಗಳಲ್ಲಿ ಶೇಕಡಾ 40 ಫ್ರೆಂಚ್ ಇರಲೇಬೇಕಾಯಿತು, ಅದರಲ್ಲಿ ಅರ್ಧ ಹೊಸ ಪ್ರತಿಭೆ, ಹೊಸ ಹಾಡು. ಅದೂ ಜನ ಹೆಚ್ಚು ಕೇಳುವ ಹೊತ್ತಿನಲ್ಲಿ, ನಡುರಾತ್ರಿ ಎರಡು ಗಂಟೆಗಲ್ಲ! ನಿಲಯಗಳು ಚಾಲಾಕಿತನ ಮಾಡಿ ನಾಲ್ಕಾರು ಹಾಡನ್ನೇ ತಿರುಗಿಸಿ ಲೆಕ್ಕ ಒಪ್ಪಿಸಿದಾಗ, ಅದೇ ಹತ್ತು ಹಾಡುಗಳ ಪಾಲು ಅರ್ಧ ಮೀರಿದರೆ ಹೆಚ್ಚಿನದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು 2016ರಲ್ಲಿ ಕಾನೂನನ್ನೇ ಬಿಗಿ ಮಾಡಿದರು. ಕೆನಡಾದಲ್ಲಿ ಫ್ರೆಂಚ್ ನಿಲಯಗಳು ಹಾಕುವ ಜನಪ್ರಿಯ ಹಾಡುಗಳಲ್ಲಿ ಶೇಕಡಾ 65 ಫ್ರೆಂಚಿನವೇ ಇರಬೇಕೆಂಬ ನಿಯಮ ಮಾಡಿದರು. ಇದರಿಂದ ಅಲ್ಲಿ ಇಂಗ್ಲಿಷ್ ಹಾಡು ಸತ್ತಿತೇ? ಇಲ್ಲ. ಫ್ರೆಂಚ್ ಹಾಡು ಬದುಕಿತು.

ಯಾವ ಭಾಷೆಯ ಹಾಡನ್ನೂ ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ. ನಿಷೇಧದ ಗತಿ ಏನೆಂದು ಇತಿಹಾಸವೇ ಹೇಳಿದೆ. 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡಿನ ಕತ್ತು ಹಿಸುಕಿದರು. ಜನ ಏನು ಮಾಡಿದರು? ರೇಡಿಯೋ ಸಿಲೋನಿಗೆ ತಿರುಗಿಸಿದರು. ಕೊನೆಗೆ ಸರ್ಕಾರವೇ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರು ಮಾಡಬೇಕಾಯಿತು. ಕೇಳುಗನ ಬೆರಳಿಗೆ ಮಂತ್ರಿಯನ್ನೇ ಮಣಿಸುವ ಬಲ ಆವತ್ತೇ ಇತ್ತು. ಆ ಬೆರಳು ಇವತ್ತೂ ನಿಮ್ಮ ಕೈಯಲ್ಲೇ ಇದೆ.

ನೆನಪಿಡಿ: 2030

ಈ ದಿನಾಂಕವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಮೂರನೇ ಹಂತಕ್ಕೆ ದಾಟಿದ ಹಳೆಯ ಎಫ್‌ಎಂ ನಿಲಯಗಳ 15 ವರ್ಷದ ಪರವಾನಗಿ 2015ರ ಏಪ್ರಿಲ್ 1ರಿಂದ ಲೆಕ್ಕ. ಅಂದರೆ 2030ರ ಮಾರ್ಚಿಗೆ ಅದು ಮುಗಿಯುತ್ತದೆ. ಬಾಡಿಗೆ ಕರಾರು ಮತ್ತೆ ಬರೆಯುವ ಹೊತ್ತು ಅದು. ಷರತ್ತು ಸೇರಿಸುವುದಾದರೆ ಆಗಲೇ ಸೇರಿಸಬೇಕು. ಅದರ ಬಗ್ಗೆ ಗದ್ದಲ ಎಬ್ಬಿಸಬೇಕಾದದ್ದು ಈಗ! 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಎಫ್‌ಎಂ ವಾಹಿನಿ ಹರಾಜಿಗೆ ಒಪ್ಪಿಗೆ ಕೊಟ್ಟಾಗ 'ತಾಯ್ನುಡಿಯಲ್ಲಿ ಸ್ಥಳೀಯ ಕಾರ್ಯಕ್ರಮ' ಎಂದು ತಾನೇ ಬಾಯ್ತುಂಬ ಹೇಳಿತು. ಬಾಯಲ್ಲಿ ಹೇಳಿದ್ದನ್ನು ಕರಾರಿನಲ್ಲಿ ಬರೆದುಕೊಡಲಿ. ನಮ್ಮ ಬೇಡಿಕೆ ಮೂರೇ.

ಒಂದು: ಬೆಂಗಳೂರಿನ ಪ್ರತಿ ಖಾಸಗಿ ಎಫ್‌ಎಂ ನಿಲಯ ಬೆಳಗಿನಿಂದ ರಾತ್ರಿಯವರೆಗೆ, ಜನ ಕೇಳುವ ಹೊತ್ತಿನಲ್ಲೇ, ಕನಿಷ್ಠ ಶೇಕಡಾ 40 ಕನ್ನಡ ಹಾಡು ಹಾಕಬೇಕು. ಫ್ರಾನ್ಸಿನಷ್ಟೇ. ಹೆಚ್ಚಲ್ಲ.

ಎರಡು: ಕನ್ನಡದ ನಿಲಯ ಭಾಷೆ ಬದಲಾಯಿಸುವುದಾದರೆ ಮೂರು ತಿಂಗಳು ಮೊದಲೇ ಸಾರ್ವಜನಿಕವಾಗಿ ಹೇಳಬೇಕು, ಕೇಳುಗರ ಆಕ್ಷೇಪಣೆ ಪಡೆಯಬೇಕು. ಸೈಟಿನ ಖಾತೆ ಬದಲಾವಣೆಗೇ ತಕರಾರು ಕೇಳುವ ನಾಡಿನಲ್ಲಿ ಗಾಳಿಯ ಖಾತೆ ಬದಲಾವಣೆಗೆ ಬೇಡವೇ?

ಮೂರು: ಕನ್ನಡ ಹಾಡುಗಳ ಪಾಲಿನಲ್ಲಿ ಹೊಸಬರಿಗೆ, ಸಿನಿಮಾದಾಚೆಯ ಹಾಡಿಗೆ ಜಾಗ ಇರಬೇಕು.

ಇನ್ನು ನಿಮ್ಮ ಕೆಲಸ. ಕಲ್ಲು ಹೊಡೆಯಬೇಡಿ, ಪತ್ರ ಹೊಡೆಯಿರಿ. ಕೇಂದ್ರದ ಪ್ರಸಾರ ಮಂತ್ರಿಗೆ, ಟ್ರಾಯ್‌ಗೆ, ನಿಮ್ಮ ಸಂಸದರಿಗೆ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ನಿಲಯಕ್ಕೆ ಫೋನು ಮಾಡಿ ಕನ್ನಡ ಹಾಡು ಕೇಳಿ. ಎಲ್ಲಕ್ಕಿಂತ ಮುಖ್ಯ, ಗಿರಾಕಿಯನ್ನು ಹಿಡಿಯಿರಿ. ರೇಡಿಯೋದಲ್ಲಿ ಜಾಹೀರಾತು ಕೊಡುವ ಜಯನಗರದ ಒಡವೆ ಅಂಗಡಿಗೆ, ಚಿಕ್ಕಪೇಟೆಯ ಸೀರೆ ಅಂಗಡಿಗೆ ಹೋದಾಗ ಮಾಲೀಕರಿಗೆ ಹೇಳಿ: 'ಕನ್ನಡ ಹಾಡಿನ ಪಕ್ಕ ನಿಮ್ಮ ಜಾಹೀರಾತು ಕೇಳಿದೆ, ಅದಕ್ಕೇ ಬಂದೆ.' ಈ ಒಂದು ಮಾತು ನೂರು ಡೈರಿಗೆ ಸಮ. ವ್ಯಾಪಾರಿಯ ಕಿವಿಗೆ ಗಲ್ಲಾಪೆಟ್ಟಿಗೆಯ ಸದ್ದು ಬೇಗ ಕೇಳಿಸುತ್ತದೆ. ನಾನೂ ವ್ಯಾಪಾರಿಯೇ, ನನಗೆ ಗೊತ್ತು.

1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಕಾಲೇಜು ಮೇಷ್ಟ್ರು ಸ್ವಂತ ಆಸಕ್ತಿಯಿಂದ ಪುಟ್ಟದೊಂದು ರೇಡಿಯೋ ನಿಲಯ ಕಟ್ಟಿದರು. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋ ಅದೇ ಹೆಸರು ಹೊತ್ತಿತು. ದೇಶದ ರೇಡಿಯೋಕ್ಕೆ ಹೆಸರು ಕೊಟ್ಟ ನಾಡು ತನ್ನ ರಾಜಧಾನಿಯ ರೇಡಿಯೋದಲ್ಲಿ ತನ್ನ ಹಾಡಿಗೆ ಜಾಗ ಬೇಡಿಕೊಂಡು ನಿಲ್ಲಬೇಕೇ? ಬೇಡಬೇಡಿ. ಹಕ್ಕಿನಿಂದ ಕೇಳಿ. ಇವತ್ತೇ ಕೇಳಿ!