ಬಾಗಿಲ ಆಚೆ ಕೂತವರು

ಕೌನ್ಸೆಲಿಂಗ್ ಕೋಣೆಯ ಹೊರಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಮ್ಮ ಕೂತಿದ್ದಾರೆ. ಮಡಿಲಲ್ಲಿ ಹಳೆಯ ಚೀಟಿಗಳ ಫೈಲು. ಮುಕ್ಕಾಲು ಗಂಟೆಯ ಮೇಲೆ ಇಪ್ಪತ್ತರ ಮಗ ಹೊರಬಂದದ್ದೇ ತಡ, ಒಳಗಿಣುಕಿ ಕೇಳುತ್ತಾರೆ: "ಮೇಡಂ, ಏನಂದ ಅಂತ ನಮಗೂ ಸ್ವಲ್ಪ ಹೇಳ್ತೀರಾ?" ಫೀಸು ಕೊಟ್ಟವರು ಅವರು, ತಿಂಗಳಿಂದ ನಿದ್ದೆಗೆಟ್ಟವರೂ ಅವರೇ. ಆದರೆ ಒಳಗಿನ ಮಾತು ಯಾರದು?

ಗೋಪ್ಯತೆ ಎಂಬುದು ಪಶ್ಚಿಮದ ಸರಕು, ನಮ್ಮಲ್ಲಿ ಕಾಯಿಲೆ ಇಡೀ ಮನೆಯದು ಎನ್ನುವವರಿದ್ದಾರೆ. ಇದು ತಳ್ಳಿಹಾಕುವ ಮಾತಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರೋಗಿಯ ಜೊತೆ ಮನೆಯವರೂ ವಾರ್ಡಿನಲ್ಲಿ ಉಳಿಯುವ ಪದ್ಧತಿ ಹಳೆಯದು. ಚಿಕಿತ್ಸೆಯ ಅರ್ಧ ಭಾರ ಅವರ ಹೆಗಲ ಮೇಲೆಯೇ. ಆದರೆ ಆ ಭಾರ ಹೊರಲು ಅಮ್ಮನಿಗೆ ಏನು ಗೊತ್ತಿರಬೇಕು? ಮಾತ್ರೆ ಯಾವಾಗ, ಯಾವ ಲಕ್ಷಣ ಕಂಡರೆ ತಕ್ಷಣ ಕರೆತರಬೇಕು, ಇಷ್ಟು. ಮಗ ಯಾರನ್ನು ನೆನೆದು ಅತ್ತ ಎಂಬುದು ಆ ಪಟ್ಟಿಯಲ್ಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಮೂ ಗೋಪ್ಯತೆಯನ್ನು ಚಿಕಿತ್ಸೆ ಪಡೆಯುವವರ ಹಕ್ಕು ಎನ್ನುತ್ತದೆ. ಅವರ ಪರ ನಿಂತ ಪ್ರತಿನಿಧಿಗೂ ತನ್ನ ಕರ್ತವ್ಯಕ್ಕೆ ಬೇಕಾದ ಮಾಹಿತಿಯನ್ನಷ್ಟೇ ಕೊಡಲು ಬಿಡುತ್ತದೆ.

ಹಾಗೆಂದು ಬಾಯಿ ಹೊಲಿದುಕೊಂಡು ಕೂರುವುದೂ ವೃತ್ತಿಧರ್ಮವಲ್ಲ. 1969ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯೊಬ್ಬ ತಾತಿಯಾನಾ ತರಾಸಾಫ್ ಎಂಬ ಯುವತಿಯನ್ನು ಕೊಂದ. ಆ ಉದ್ದೇಶವನ್ನು ಅವನು ಮೊದಲೇ ತನ್ನ ಮನಶ್ಶಾಸ್ತ್ರಜ್ಞರಲ್ಲಿ ಹೇಳಿಕೊಂಡಿದ್ದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದ್ದರು. ಹುಡುಗಿಗಾಗಲಿ ಮನೆಯವರಿಗಾಗಲಿ ಯಾರೂ ಹೇಳಿರಲಿಲ್ಲ. ಅಪಾಯದಲ್ಲಿರುವವರನ್ನು ರಕ್ಷಿಸುವ ಹೊಣೆ ಚಿಕಿತ್ಸಕರಿಗೂ ಇದೆ ಎಂದು 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ನಮ್ಮ ಕಾಯ್ದೆಯೂ ಜೀವಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಹಾನಿ ತಪ್ಪಿಸಬೇಕಾದಾಗ ಬಾಯಿ ಬಿಡಲು ಅವಕಾಶ ಕೊಡುತ್ತದೆ.

ತಕರಾರಿರುವುದು ಈ ಗೆರೆಯನ್ನು ಯಾವಾಗ ತೋರಿಸುತ್ತೇವೆ ಎಂಬುದರಲ್ಲಿ. ಎಲ್ಲ ಹೇಳಿಕೊಂಡ ಮೇಲೆ "ಇದನ್ನು ನಿಮ್ಮ ತಂದೆಗೆ ಹೇಳಲೇಬೇಕು" ಎಂದರೆ ಹುಡುಗನಿಗೆ ಅದು ಮೋಸವಾಗಿಯೇ ಕಾಣುತ್ತದೆ. ಸಣ್ಣಕ್ಷರದ ಇಂಗ್ಲಿಷ್ ಫಾರ್ಮಿಗೆ ಸಹಿ ಹಾಕಿಸಿಕೊಂಡರೆ ಹೇಳಿದಂತಾಯಿತು ಎಂದು ನಾನಂತೂ ಒಪ್ಪುವುದಿಲ್ಲ. ಮೊದಲ ದಿನವೇ, ಮಗನ ಪಕ್ಕದಲ್ಲಿ ಅಮ್ಮನನ್ನೂ ಕೂರಿಸಿಕೊಂಡು, ಯಾವುದು ಈ ಕೋಣೆಯಲ್ಲೇ ಉಳಿಯುತ್ತದೆ, ಯಾವುದು ಉಳಿಯಲಾರದು ಎಂದು ಮನೆಮಾತಿನಲ್ಲಿ ಹೇಳಬೇಕು. ಅಮ್ಮ ಆಗ ಕೇಳಬಹುದು: "ಅವನು ಊಟ ಬಿಟ್ರೆ ನಾನು ನಿಮಗೆ ಫೋನ್ ಮಾಡಬಹುದಲ್ವಾ?" ಧಾರಾಳವಾಗಿ ಮಾಡಬಹುದು. ಆದರೆ ಅಮ್ಮ ಫೋನ್ ಮಾಡಿದ್ದರು ಎಂಬುದು ಮಗನಿಗೂ ಗೊತ್ತಾಗುತ್ತದೆ. ಅದನ್ನೂ ಆಗಲೇ ಹೇಳಿಬಿಡಬೇಕು.