ಫೋಟೋದ ಬೆನ್ನು

ಹಳೇ ಫೋಟೋ ಕೂಡಿಹಾಕೋದು ಉಳ್ಳವರ ಚಟ. ಅದರಾಗೂ ದಂಡಿನ ಸಾಹೇಬರ ಫೋಟೋ: ಎದೆ ತುಂಬ ಪದಕ, ಸೊಂಟಕ್ಕೆ ಕತ್ತಿ, ತಿರುವಿದ ಮೀಸೆ. ಮುಂಬಯಿಯ ಚೋರ್ ಬಜಾರಿನಿಂದ ತಂದು, ಕಟ್ಟು ಹಾಕಿಸಿ, ದಿವಾಣಖಾನೆಯಲ್ಲಿ ತೂಗುಹಾಕುತ್ತಾರೆ. ಈ ಮನುಷ್ಯ ಏನು ಮಾಡಿದ ಅಂತ ಕೇಳಿದರೆ, ‘ಸ್ವಲ್ಪ ವಿವಾದಾಸ್ಪದ ಅಧಿಕಾರಿ ನೋಡ್ರಿ’ ಅಂತಾರೆ.

ಯಾರ ನಡುವಿನ ವಿವಾದ? 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಡಯರ್ 1650 ಗುಂಡು ಹಾರಿಸಿದ. ಸರ್ಕಾರವೇ ಒಪ್ಪಿಕೊಂಡ ಹೆಣಗಳು 379. ಅವನ ದೇಶದ ಪತ್ರಿಕೆಯೊಂದು 26 ಸಾವಿರ ಪೌಂಡಿಗೂ ಹೆಚ್ಚು ಚಂದಾ ಎತ್ತಿ ಅವನ ಕೈಗಿಟ್ಟಿತು. ಕೊಂದವನಿಗೆ ಹಮ್ಮಿಣಿ, ಸತ್ತವರಿಗೆ ವಿವಾದ!

ಕ್ಯಾಮರಾಕ್ಕೂ ಜಾತಿ ಐತಿ, ಗೆಳೆಯರೆ. ಸಾಹೇಬನ ಫೋಟೋದ ಕೆಳಗೆ ಹೆಸರು, ಹುದ್ದೆ, ಪಲ್ಟಣ. ಅದೇ ಸರ್ಕಾರ 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಅಂತ ಎಂಟು ಸಂಪುಟ ತಂದಿತು. ಅದರಲ್ಲಿ ಬಡವರ ಮುಖದ ಕೆಳಗೆ ಬಹುಮಟ್ಟಿಗೆ ಬರೇ ಜಾತಿ. ಹೆಸರಿಲ್ಲ, ಊರಿಲ್ಲ. 1857ರಲ್ಲಿ ಹತಾರ ಕೊಡೋದಿಲ್ಲ ಅಂದು ದಂಡಿಗೆ ಎದುರು ನಿಂತ ಹಲಗಲಿಯ ಬೇಡರಿಗೆ ಫೋಟೋ ಎಲ್ಲಿಂದ ಬರಬೇಕು? ಅವರನ್ನು ಉಳಿಸಿದ್ದು ಲಾವಣಿ ಹಾಡುವವರ ಗಂಟಲು.

ಇಲ್ಲೊಂದು ಮಾತು ನುಂಗಬಾರದು. ಆ ಸಾಹೇಬರ ಹಿಂದೆ ಬಂದೂಕು ಹೊತ್ತವರಲ್ಲಿ ನಮ್ಮವರೂ ಇದ್ದರು. 1818ರ ಕೋರೆಗಾಂವದ ಕಂಬದ ಮೇಲೆ ಮಹಾರ ಸಿಪಾಯಿಗಳ ಹೆಸರುಗಳಿವೆ. ಊರು ಬಾವಿ ಮುಟ್ಟಗೊಡಲಿಲ್ಲ, ದಂಡು ಬೂಟು ಕೊಟ್ಟಿತು. ಹಂಗಂತ ಸಾಹೇಬನಿಗೆ ಕೈ ಮುಗೀಬೇಕೇನು? ಅವನಿಗೆ ಬೇಕಾದದ್ದು ನಮ್ಮ ಮಾನವಲ್ಲ, ನಮ್ಮ ರಕ್ತ. 1890ರ ದಶಕದಲ್ಲಿ ‘ಇವರು ವೀರ ಜಾತಿಯವರಲ್ಲ’ ಅಂತ ಅದೇ ದಂಡು ಮಹಾರರ ಭರ್ತಿ ನಿಲ್ಲಿಸಿತು. ಅಂಬೇಡ್ಕರ್ ಪಟ್ಟು ಹಿಡಿದ ಮೇಲೆ, 1941ರಲ್ಲಿ, ಮಹಾರ್ ರೆಜಿಮೆಂಟ್ ಕಟ್ಟಿದರು. ಎಲ್ಲಿ? ನಮ್ಮ ಬೆಳಗಾವಿಯಲ್ಲಿ! ಅದು ದಾನವಲ್ಲ, ಕಸಗೊಂಡ ಹಕ್ಕು.

ಫೋಟೋ ಸುಡ್ರಿ ಅಂತ ನಾನು ಹೇಳೋದಿಲ್ಲ. ಸುಟ್ಟರೆ ಸಾಕ್ಷಿ ಸುಡುತ್ತದೆ. ಇಟ್ಟುಕೊಳ್ಳುವವರು ಅದನ್ನು ತಿರುವಿ, ಇವನು ಯಾರನ್ನು ಕೊಂದ, ಎಲ್ಲಿ, ಎಷ್ಟು ಜನರನ್ನು ಅಂತ ಬೆನ್ನ ಮೇಲೆ ಬರೆಯಲಿ. ಬರೆಯಲು ಕೈ ನಡುಗಿದರೆ ಅವರದು ಇತಿಹಾಸದ ಪ್ರೀತಿಯಲ್ಲ, ದೊರೆಯ ಪ್ರೀತಿ.

ಮಾಸ್ತರರೆ, ವಿದ್ಯಾರ್ಥಿ ಗೆಳೆಯರೆ, ನಮಗೆ ಬೇರೆ ಕೆಲಸ ಐತಿ. ರಾಯಬಾಗ, ಅಥಣಿ, ಚಿಕ್ಕೋಡಿಯ ಕೇರಿಗಳಿಗೆ ಹೋಗ್ರಿ. ಪಿಂಚಣಿ ಕಾಗದದ ಜೋಡಿ ಟ್ರಂಕಿನ ತಳದಾಗ ಗೆದ್ದಲು ಹಿಡಿಯುತ್ತಿರುವ ಸಿಪಾಯಿಯ ಫೋಟೋ ಹುಡುಕ್ರಿ. ಅವನ ಮುದುಕಿ ಇನ್ನೂ ಬದುಕಿದ್ದರೆ ಇವತ್ತೇ ಕೇಳ್ರಿ. ಹೆಸರು, ಊರು, ಪಲ್ಟಣ ಬರೆದಿಡ್ರಿ. ಜಾತಿಯ ಕೆಳಗೆ ಹೂತುಹೋದ ಹೆಸರನ್ನು ಮೊದಲು ಎತ್ತಬೇಕು.