ವಿಡಿಯೋ ಛಾಯಾಗ್ರಾಹಕರ ಆಯ್ಕೆ: ದರವೊಂದೇ ಅಳತೆಯಲ್ಲ

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. 3 ಕಿ.ಮೀ.ಗೂ ಹೆಚ್ಚು ಆಳದ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು ಇಂದು ವಯೋವೃದ್ಧರು. ಅವರ ಅನುಭವಗಳನ್ನು ದಾಖಲಿಸುವ ಕಾಲ ಮೀರುತ್ತಿದೆ. ಇಂತಹ ಸಾಕ್ಷ್ಯಚಿತ್ರಕ್ಕೆ ಕೆ.ಜಿ.ಎಫ್. ಹಾಗೂ ಬಂಗಾರಪೇಟೆಯ ಉದ್ಯಮಿಗಳು ನೆರವು ನೀಡಬೇಕು. ಆದರೆ ಕಡಿಮೆ ದರವನ್ನಷ್ಟೇ ನೋಡಿ ವಿಡಿಯೋ ಛಾಯಾಗ್ರಾಹಕರನ್ನು ಆರಿಸುವುದು ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಮದುವೆಯ ಚಿತ್ರೀಕರಣದಲ್ಲಿ ಪಳಗಿದವರೆಲ್ಲರೂ ಸಂದರ್ಶನದಲ್ಲಿ ನುರಿತವರಾಗಿರುವುದಿಲ್ಲ. ಆದ್ದರಿಂದ ಆಯ್ದ ತುಣುಕುಗಳಿಗೆ ಮರುಳಾಗದೆ, ಅವರು ಹಿಂದೆ ಪೂರ್ಣಗೊಳಿಸಿದ ಒಂದು ಚಿತ್ರವನ್ನು ಆದ್ಯಂತ ವೀಕ್ಷಿಸಬೇಕು. ಧ್ವನಿಯ ಸ್ಪಷ್ಟತೆಯನ್ನು ಪರೀಕ್ಷಿಸಬೇಕು. ಸೈನೈಡ್ ದಿಬ್ಬಗಳ ಡ್ರೋನ್ ದೃಶ್ಯವನ್ನು ಮತ್ತೊಮ್ಮೆ ತೆಗೆಯಬಹುದು. ಅಗಲಿದ ಹಿರಿಯರ ಮಾತನ್ನು ಮರಳಿ ಪಡೆಯಲಾಗದು. ತಂಡದಲ್ಲಿ ಕನ್ನಡದೊಡನೆ ತಮಿಳು, ತೆಲುಗು ಬಲ್ಲವರೂ ಇರುವುದು ಅವಶ್ಯ.

1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಣ ಕೊಟ್ಟು ಚಿತ್ರ ಮಾಡಿಸಿದವರೇ ಅದರ ಪ್ರಥಮ ಹಕ್ಕುದಾರರು. ಆದರೂ ಸಂಕಲನಗೊಳ್ಳದ ಮೂಲ ದೃಶ್ಯಾವಳಿಯನ್ನೂ ಒಪ್ಪಿಸತಕ್ಕದ್ದೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳುವುದು ಕ್ಷೇಮ. ಇಷ್ಟನ್ನು ಖಚಿತಪಡಿಸಿಕೊಂಡ ಬಳಿಕವೇ ಮುಂಗಡ ಹಣ ನೀಡುವುದು ಉಚಿತ.